ಸುತ್ತುವ ಕ್ಯಾಮರಾ, ನಿಂತ ನಾಣ್ಯ

ನೆಲದ ಮೇಲೆ ನೇರವಾಗಿ ಉರುಳಿದ ಗೋಲಿಯು ಚಿತ್ರದಲ್ಲಿ ಮಾತ್ರ ಬಿಲ್ಲಿನಂತೆ ಬಾಗಿ ಹೋದರೆ, ಅದನ್ನು ಬಾಗಿಸಿದ ಬಲ ಯಾವುದು? ಈ ಪ್ರಶ್ನೆಯನ್ನು ವಿದ್ಯಾರ್ಥಿಗಳ ಮುಂದಿಡಲೆಂದು ನಾವು ಒಂದು ಸುಲಭವಾದ ಪ್ರಯೋಗವನ್ನು ಹೂಡಿದೆವು.

ರಟ್ಟಿನ ತಟ್ಟೆಯೊಂದರ ನಡುವೆ ರಂಧ್ರ ಕೊರೆದು, ಮೊಬೈಲ್ ಫೋನಿನ ಕ್ಯಾಮರಾ ಅದರ ಮೂಲಕ ಕೆಳಗೆ ನೋಡುವಂತೆ ಬಿಗಿದು, ತಟ್ಟೆಯನ್ನು ಚಾವಣಿಯ ಕೊಕ್ಕೆಗೆ ಹುರಿಯಿಂದ ತೂಗುಹಾಕಿದೆವು. ಹುರಿಯನ್ನು ಹೊಸೆದು ಬಿಟ್ಟರೆ ತಟ್ಟೆಯು ತಾನಾಗಿ ಸುತ್ತುತ್ತದೆ. ಕ್ಯಾಮರಾದ ಕಣ್ಣಿರುವುದು ಫೋನಿನ ಮೂಲೆಯಲ್ಲಿ. ಅದನ್ನು ಮರೆತು ಫೋನಿನ ಮಧ್ಯವನ್ನೇ ತಟ್ಟೆಯ ಮಧ್ಯಕ್ಕೆ ತಂದ ನಾವು ಮೊದಲ ದಿನವನ್ನೆಲ್ಲ ವ್ಯರ್ಥಗೊಳಿಸಿದೆವು. ಕಣ್ಣು ನಡುವಿಗೆ ಬಂದಮೇಲೆ ಎದುರು ಬದಿಗೆ ತೂಕವನ್ನಿಟ್ಟು ತಟ್ಟೆಯನ್ನು ಸಮಗೊಳಿಸಬೇಕು. ಅಲುಗಾಟವನ್ನು ಸರಿಪಡಿಸುವ ಸೌಕರ್ಯವು ಫೋನಿನಲ್ಲಿದ್ದರೆ ಅದನ್ನು ನಿಲ್ಲಿಸಿರಬೇಕು. ಇಲ್ಲವಾದರೆ ನಾವು ನೋಡಬಯಸುವುದನ್ನೇ ಅದು ಅಳಿಸಹೊರಡುತ್ತದೆ!

ತಟ್ಟೆಯು 2 ಸೆಕೆಂಡಿಗೊಂದು ಸುತ್ತು ಬರುವುದೆನ್ನೋಣ. ಸೆಕೆಂಡಿಗೆ 30 ಚಿತ್ರಗಳಂತೆ ತೆಗೆದರೆ, ಒಂದು ಚಿತ್ರಕ್ಕೂ ಮುಂದಿನದಕ್ಕೂ 6 ಡಿಗ್ರಿ ಅಂತರ. ಒಂದೊಂದು ಚಿತ್ರಕ್ಕೂ 1/60 ಸೆಕೆಂಡು ಕಾಲ ಬೆಳಕು ಬಿದ್ದರೆ ಅಷ್ಟರಲ್ಲಿಯೇ ಕ್ಯಾಮರಾ 3 ಡಿಗ್ರಿ ತಿರುಗಿರುತ್ತದೆ. ಆದುದರಿಂದ ಚಿತ್ರದ ನಡುಭಾಗ ಸ್ಪಷ್ಟ, ಅಂಚು ಮಸುಕು. ಬೆಳಕು ಪ್ರಖರವಾಗಿದ್ದಷ್ಟೂ ಒಳ್ಳೆಯದು.

ಮೇಲಿನಿಂದ ನೋಡಿದಾಗ ತಟ್ಟೆಯು ಅಪ್ರದಕ್ಷಿಣವಾಗಿ ಸುತ್ತುತ್ತಿದ್ದರೆ, ಗೋಲಿಯು ಚಿತ್ರದಲ್ಲಿ ತನ್ನ ಬಲಕ್ಕೆ ಬಾಗುತ್ತದೆ. ಆದರೆ ನಮ್ಮನ್ನು ಹೆಚ್ಚು ಕಾಡಿದುದು ಗೋಲಿಯಲ್ಲ. ಪಕ್ಕದಲ್ಲಿ ಸುಮ್ಮನೆ ಬಿದ್ದಿದ್ದ ಒಂದು ನಾಣ್ಯ. ಚಿತ್ರದಲ್ಲಿ ಅದು ಪ್ರದಕ್ಷಿಣೆ ಹಾಕುತ್ತಿತ್ತು. ವೃತ್ತದಲ್ಲಿ ಚಲಿಸುವ ವಸ್ತುವನ್ನು ಕೇಂದ್ರದ ಕಡೆಗೆ ಸೆಳೆಯುವ ಬಲವೊಂದು ಇರಲೇಬೇಕಷ್ಟೆ? ಕ್ಯಾಮರಾದೊಡನೆ ಸುತ್ತುವವನು ಹೇಳುವ ಕೇಂದ್ರಾಪಗಾಮಿ ಬಲವೋ ನಾಣ್ಯವನ್ನು ಹೊರಕ್ಕೆ ತಳ್ಳಬೇಕು! ಇಲ್ಲಿ ನೆರವಿಗೆ ಬರುವುದು 1835ರಲ್ಲಿ ಫ್ರಾನ್ಸಿನ ಕೋರಿಯೋಲಿಸನು ವಿವರಿಸಿದ ಬಲ. ಈ ನಾಣ್ಯದ ಮಟ್ಟಿಗೆ ಅದು ಒಳಮುಖವಾಗಿದ್ದು, ಕೇಂದ್ರಾಪಗಾಮಿ ಬಲದ ಸರಿಯಾಗಿ ಎರಡರಷ್ಟಿರುತ್ತದೆ. ಒಂದರಲ್ಲಿ ಇನ್ನೊಂದನ್ನು ಕಳೆದರೆ ಉಳಿಯುವುದೇ ವೃತ್ತಚಲನೆಗೆ ಬೇಕಾದಷ್ಟು ಬಲ. ನೆಲದ ಮೇಲಿನ ನಾಣ್ಯಕ್ಕೆ ಈ ಲೆಕ್ಕದ ಗೊಡವೆಯೇ ಇಲ್ಲ.

ಟೊರಾಂಟೊ ವಿಶ್ವವಿದ್ಯಾನಿಲಯದ ಹ್ಯೂಮ್ ಮತ್ತು ಐವೀ ಎಂಬ ಭೌತವಿಜ್ಞಾನಿಗಳು 1960ರ ತಮ್ಮ ಶೈಕ್ಷಣಿಕ ಚಲನಚಿತ್ರವೊಂದರಲ್ಲಿ ಕ್ಯಾಮರಾದೊಡನೆ ಮೇಜನ್ನೂ ಸುತ್ತಿಸಿದರು. ಎರಡೂ ಒಟ್ಟಿಗೆ ತಿರುಗುವುದರಿಂದ ಮೇಜು ನಿಂತಂತೆ ತೋರುತ್ತದೆ; ಘರ್ಷಣೆಯಿಲ್ಲದಂತೆ ಜಾರುವ ಬಿಲ್ಲೆ ಮಾತ್ರ ಕಾರಣವಿಲ್ಲದೆ ಬಾಗುತ್ತದೆ. ನಮ್ಮ ಭೂಮಿಯೂ ಇಂಥದೇ ಮೇಜು. ಉತ್ತರಾರ್ಧಗೋಳದಲ್ಲಿ ಗಾಳಿಯು ಬಲಕ್ಕೆ ತಿರುಗುವುದು ಇದರಿಂದಲೇ. ದಕ್ಷಿಣಾರ್ಧಗೋಳವನ್ನು ಕಾಣಬಯಸುವ ವಾಚಕರು ಹುರಿಯನ್ನು ಎದುರು ದಿಕ್ಕಿಗೆ ಹೊಸೆದು, ಗೋಲಿಯನ್ನು ಮತ್ತೊಮ್ಮೆ ಉರುಳಿಸಿ ನೋಡಬಹುದು.