ಕಣದ ಅತಿಥಿ

'ದೇಶ ಸುತ್ತಿ ನೋಡು, ಕೋಶ ಓದಿ ನೋಡು' ಎಂಬುದು ನಮ್ಮ ಹಿರಿಯರ ಮಾತು. ದೇಶ ಸುತ್ತುವವರು ಸಾಮಾನ್ಯವಾಗಿ ಗುಡಿಗೋಪುರಗಳನ್ನೂ ಕೋಟೆಕೊತ್ತಲಗಳನ್ನೂ ಜಲಪಾತಗಳನ್ನೂ ಅರಸಿ ಹೋಗುತ್ತಾರೆ. ಅದು ತಪ್ಪಲ್ಲ. ಆದರೆ ಒಂದು ನಾಡಿನ ಜನ ಹೇಗೆ ಬದುಕುತ್ತಾರೆ, ಏನನ್ನು ಬೆಳೆಯುತ್ತಾರೆ, ಬೆಳೆದುದರಿಂದ ಅವರ ಕೈಯಲ್ಲಿ ಎಷ್ಟು ಉಳಿಯುತ್ತದೆ ಎಂಬುದನ್ನು ಅರಿಯಬೇಕೆನ್ನುವವನು ಹೆದ್ದಾರಿಯನ್ನು ಬಿಟ್ಟು ಒಂದು ಸಣ್ಣ ಬೇಸಾಯದ ಹಳ್ಳಿಗೆ ಹೋಗಬೇಕು. ಅಲ್ಲಿ ಟಿಕೆಟ್ಟು ಕೊಡುವವರಿಲ್ಲ, ವಿವರಿಸಿ ಹೇಳುವ ಮಾರ್ಗದರ್ಶಿಗಳಿಲ್ಲ. ನೋಡಿ ತಿಳಿಯುವ ಕಣ್ಣು, ಕೇಳಿ ತಿಳಿಯುವ ತಾಳ್ಮೆ ಇವೆರಡೇ ಅಲ್ಲಿನ ಪ್ರವೇಶಪತ್ರ.

ಬೆಂಗಳೂರಿನಿಂದ ಹುಬ್ಬಳ್ಳಿಯ ಕಡೆಗೆ ಹೋಗುವ ರೈಲು ಹರಿಹರದ ಬಳಿ ತುಂಗಭದ್ರೆಯನ್ನು ದಾಟಿದೊಡನೆ ಹಾವೇರಿ ಜಿಲ್ಲೆಯನ್ನು ಹೊಗುತ್ತದೆ. ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ ನಿಲ್ದಾಣಗಳು ಒಂದರ ಹಿಂದೆ ಒಂದರಂತೆ ಬರುತ್ತವೆ. ಹಿಂದೆ ಧಾರವಾಡ ಜಿಲ್ಲೆಗೆ ಸೇರಿದ್ದ ಈ ಪ್ರದೇಶವು 1997ರಲ್ಲಿ ಪ್ರತ್ಯೇಕ ಜಿಲ್ಲೆಯಾಯಿತು. ಪಡುವಲಲ್ಲಿ ಮಲೆನಾಡಿನ ಅಂಚು, ಮೂಡಲಲ್ಲಿ ಬಯಲು ಸೀಮೆ. ನಡುವೆ ಎಲ್ಲಿ ನೋಡಿದರೂ ಎರೆ ಮತ್ತು ಮಸಾರಿ ಹೊಲಗಳು. ವರದಾ, ಕುಮುದ್ವತಿ, ತುಂಗಭದ್ರೆಯರು ಈ ನೆಲದಲ್ಲಿ ಹರಿಯುತ್ತಿದ್ದರೂ ಬಹುಪಾಲು ರೈತರು ಮುಗಿಲನ್ನೇ ನಂಬಿದವರು. ಚಳಿಗಾಲದ ಕೊನೆಯಲ್ಲಿ ರೈಲಿನ ಕಿಟಕಿಯಿಂದ ನೋಡಿದವರಿಗೆ ಅಲ್ಲಲ್ಲಿ ನೆಲದ ಮೇಲೆ ಕೆಂಪು ಜಮಖಾನವನ್ನು ಹಾಸಿದಂತಹ ನೋಟ ಕಾಣಿಸುತ್ತದೆ. ಅದು ಒಣಗಲು ಹರವಿದ ಮೆಣಸಿನಕಾಯಿ. ಜಗತ್ತಿಗೆಲ್ಲ 'ಬ್ಯಾಡಗಿ ಮೆಣಸಿನಕಾಯಿ' ಎಂದು ಹೆಸರಾದುದು ಇದೇ. 2011ರಲ್ಲಿ ಇದಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು.

ಈ ಭಾಗದ ಹಳ್ಳಿಯೊಂದಕ್ಕೆ ಹೊಸಬನೊಬ್ಬ ಬಂದರೆ ಊರಿನ ಕಟ್ಟೆಯ ಮೇಲೆ ಕುಳಿತ ಹಿರಿಯರು ಮೊದಲು ಕೇಳುವುದು, "ಯಾವೂರಾತ್ರಿ ತಮ್ಮದು?" ಎಂದು. ಉತ್ತರ ಬಂದ ಕೂಡಲೇ ಎರಡನೆಯ ಪ್ರಶ್ನೆ, "ಊಟ ಆತೇನ್ರಿ?" ಎಂದು. ಈ ಎರಡನೆಯ ಪ್ರಶ್ನೆಯು ಬರಿಯ ಉಪಚಾರದ ಮಾತಲ್ಲ. ಇಲ್ಲವೆಂದು ಹೇಳಿದವನ ಮುಂದೆ ಸ್ವಲ್ಪ ಹೊತ್ತಿನಲ್ಲಿಯೇ ಜೋಳದ ರೊಟ್ಟಿ, ಕೆಂಪು ಖಾರ, ಶೇಂಗಾ ಚಟ್ನಿ, ಒಂದು ಕಾಳಿನ ಪಲ್ಯ, ತಂಬಿಗೆ ತುಂಬ ಮಜ್ಜಿಗೆ ಬಂದು ಕೂಡುತ್ತವೆ. "ಸಾಕು" ಎಂದರೆ, "ಇನ್ನೊಂದು ಅರ್ಧಾ ರೊಟ್ಟಿ ಹಾಕಸ್ಕೊಳ್ರಿ, ದೂರದಿಂದ ಬಂದೀರಿ" ಎಂಬ ಒತ್ತಾಯ ಬೇರೆ. ಉಂಡವನು ಜೇಬಿಗೆ ಕೈಹಾಕಿದರೆ ಮನೆಯವರ ಮುಖ ಸಣ್ಣದಾಗುತ್ತದೆ. ಉಣಿಸುವುದು ಅವರ ಪಾಲಿಗೆ ವ್ಯಾಪಾರವಲ್ಲ. ಈ ಊಟಕ್ಕೆ ಬೆಲೆ ಕೊಡಲಾಗದು. ಆದರೆ ಋಣವನ್ನು ಬೇರೊಂದು ಬಗೆಯಲ್ಲಿ ತೀರಿಸಬಹುದು. ತಾನು ಉಂಡ ಆ ರೊಟ್ಟಿಯ, ಆ ಖಾರದ ಹಿಂದೆ ಏನಿದೆ ಎಂಬುದನ್ನು ಅರಿತುಕೊಳ್ಳುವುದೇ ಆ ಬಗೆ.

ಅದನ್ನು ಅರಿಯಬೇಕಾದರೆ ಅತಿಥಿಯು ಹೊಲಕ್ಕೆ ನಡೆಯಬೇಕು. ಈ ಸೀಮೆಯ ಹಳೆಯ ಬೇಸಾಯ ಪದ್ಧತಿಯಲ್ಲಿ ಒಂದೇ ಹೊಲದಲ್ಲಿ ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿ ಮೂರನ್ನೂ ಕೂಡಿಸಿ ಬೆಳೆಯುತ್ತಿದ್ದರು. ಈಗಲೂ ಕೆಲವೆಡೆ ಇದು ಉಳಿದಿದೆ. ಪಟ್ಟಣದಿಂದ ಬಂದವನಿಗೆ ಇದು ಗೊಂದಲದಂತೆ ಕಂಡೀತು. ಆದರೆ ಅದರ ಹಿಂದೆ ಒಂದು ಲೆಕ್ಕಾಚಾರವಿದೆ. ಉಳ್ಳಾಗಡ್ಡಿ ಎಲ್ಲಕ್ಕಿಂತ ಮೊದಲು ಕೈಗೆ ಬರುತ್ತದೆ. ಅದರ ಹಣ ಆಳಿನ ಕೂಲಿಗೂ ಗೊಬ್ಬರಕ್ಕೂ ಆಗುತ್ತದೆ. ಬಳಿಕ ಮೆಣಸಿನಕಾಯಿ, ಕಟ್ಟಕಡೆಗೆ ಹತ್ತಿ. ಮಳೆ ಮುಂಚೆ ಕೈಕೊಟ್ಟರೆ ಒಂದು ಬೆಳೆ ಹೋಗುತ್ತದೆ, ತಡವಾಗಿ ಕೈಕೊಟ್ಟರೆ ಇನ್ನೊಂದು ಹೋಗುತ್ತದೆ. ಮೂರೂ ಒಟ್ಟಿಗೆ ಹೋಗುವುದು ಅಪರೂಪ. ವಿಮೆಯ ಕಾಗದವನ್ನು ಕಾಣದ ಕಾಲದಲ್ಲಿ ರೈತನು ತನ್ನ ಹೊಲದಲ್ಲಿಯೇ ವಿಮೆಯನ್ನು ಬಿತ್ತುತ್ತಿದ್ದನು. ಓದುಬರಹವಿಲ್ಲದವರೆಂದು ನಾವು ತಿಳಿದಿರುವ ಜನರ ವಿವೇಕ ಎಂತಹುದು ಎಂಬುದಕ್ಕೆ ಇದೊಂದು ನಿದರ್ಶನ.

ಹೊಲದಿಂದ ಕಣಕ್ಕೆ ಬಂದರೆ ಕೆಂಪು ಬಣ್ಣದ ಸಿರಿ ಕಣ್ಣು ಕೋರೈಸುತ್ತದೆ. ಪ್ರವಾಸಿಯು ಛಾಯಾಚಿತ್ರವನ್ನು ತೆಗೆಯುವುದು ಇಲ್ಲಿಯೇ. ಆದರೆ ಚಿತ್ರದಲ್ಲಿ ಮೂಡದ ಸಂಗತಿಗಳು ಹಲವಿವೆ. ಹಣ್ಣಾದ ಕಾಯಿ ಒಂದೇ ಸಲಕ್ಕೆ ಬರುವುದಿಲ್ಲ. ಎರಡು ಮೂರು ಸಲ ಬಿಡಿಸಬೇಕು. ಬಿಸಿಲಿನಲ್ಲಿ ಬಾಗಿ ಬಿಡಿಸುವವರಲ್ಲಿ ಹೆಚ್ಚಿನವರು ಹೆಣ್ಣುಮಕ್ಕಳು. ಸಂಜೆ ಕೈತೊಳೆದರೂ ಬೆರಳಿನ ಉರಿ ಇಳಿಯುವುದಿಲ್ಲ. ಮರೆತು ಕಣ್ಣೊರೆಸಿಕೊಂಡರೆ ಕಣ್ಣೀರು ತಪ್ಪಿದ್ದಲ್ಲ. ಬಿಡಿಸಿದ ಕಾಯಿಯನ್ನು ಹರವಿ, ದಿನವೂ ತಿರುವಿ ಹಾಕಿ, ಇಳಿಹೊತ್ತಿಗೆ ರಾಶಿ ಮಾಡಿ ಮುಚ್ಚಬೇಕು. ಇಬ್ಬನಿ ತಗುಲಿದರೆ, ಅಕಾಲದ ಒಂದು ಹನಿ ಬಿದ್ದರೆ ಕಾಯಿ ಬಿಳಿಚುತ್ತದೆ. ಬಣ್ಣ ಹೋದರೆ ಬೆಲೆ ಹೋಯಿತು. ನೂರು ಕಿಲೋ ಹಸಿಗಾಯಿ ಒಣಗಿದಾಗ ಉಳಿಯುವುದು ಸುಮಾರು 25ರಿಂದ 35 ಕಿಲೋ ಮಾತ್ರ.

ಈ ಕಾಯಿಯ ಹಿರಿಮೆ ಖಾರದಲ್ಲಿಲ್ಲ, ಬಣ್ಣದಲ್ಲಿದೆ. ನೀಳವಾಗಿ ತೆಳ್ಳಗಿರುವುದು 'ಕಡ್ಡಿ', ಗಿಡ್ಡವಾಗಿ ದುಂಡಗಿರುವುದು 'ಡಬ್ಬಿ'. ಎರಡರ ಮೈಯೂ ಒಣಗಿದಾಗ ಸುಕ್ಕುಗಟ್ಟುತ್ತದೆ. ಖಾರ ಕಡಿಮೆ, ಕೆಂಪು ಗಾಢ. ಕಾರ್ಖಾನೆಗಳಲ್ಲಿ ಇದರ ಸತ್ತ್ವವನ್ನು ತೆಗೆದು ತಿಂಡಿತಿನಿಸುಗಳಿಗೂ ತುಟಿಗೆ ಹಚ್ಚುವ ಬಣ್ಣಕ್ಕೂ ಬಳಸುತ್ತಾರೆ. ಕಣದಲ್ಲಿ ಮಾಸಿದ ಸೀರೆಯನ್ನುಟ್ಟು ಕಾಯಿಯನ್ನು ಆರಿಸುವ ಮುದುಕಿಯ ದುಡಿಮೆ, ದೂರದ ಯಾವುದೋ ನಗರದಲ್ಲಿ ಯಾರದೋ ಅಲಂಕಾರವಾಗುತ್ತದೆ. ಇವರಿಗೆ ಅವರು ಯಾರೆಂದು ತಿಳಿಯದು. ಅವರಿಗೆ ಇವರು ಯಾರೆಂದು ತಿಳಿಯದು.

ಈ ಬೆಳೆಯೂ ಒಂದು ಕಾಲಕ್ಕೆ ಈ ನಾಡಿಗೆ ಅತಿಥಿಯಾಗಿಯೇ ಬಂದಿತು. ನಮ್ಮ ಪೂರ್ವಿಕರಿಗೆ ಖಾರವೆಂದರೆ ಬಳ್ಳಿಯಲ್ಲಿ ಬಿಡುವ ಕರಿಮೆಣಸು. ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1492ರ ಕೊನೆಯಲ್ಲಿ ಕೊಲಂಬಸನು ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲ ದ್ವೀಪವನ್ನು ಮುಟ್ಟಿದಾಗ ಅಲ್ಲಿನ ಮೂಲನಿವಾಸಿಗಳು ಇದನ್ನು ನಿತ್ಯವೂ ಉಣ್ಣುತ್ತಿದ್ದುದನ್ನು ಕಂಡನು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರ ಹಡಗುಗಳ ಮೂಲಕ ಅದು ಭಾರತಕ್ಕೆ ಬಂದಿತು. ಕನ್ನಡಿಗರು ಹಳೆಯ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ತಮ್ಮದನ್ನಾಗಿ ಮಾಡಿಕೊಂಡರು. ಅದೇ ಹಿಸ್ಪಾನಿಯೋಲದ ಪಡುವಣ ಭಾಗವೇ ಇಂದಿನ ಹೈಟಿ ದೇಶ. ಅಲ್ಲಿಯೂ ಬೆಟ್ಟದ ಇಳಿಜಾರುಗಳಲ್ಲಿ ತುಂಡು ಭೂಮಿಯನ್ನು ನಂಬಿದ ಸಣ್ಣ ರೈತರಿದ್ದಾರೆ. ಒಬ್ಬನ ಹೊಲದ ಕೆಲಸಕ್ಕೆ ನೆರೆಹೊರೆಯವರೆಲ್ಲ ಕೂಡಿಬಂದು ಹಾಡು ಹೇಳುತ್ತ ದುಡಿಯುವ ಪದ್ಧತಿ ಅಲ್ಲಿದೆ. ಅದಕ್ಕೆ 'ಕೊಂಬಿಟ್' ಎನ್ನುತ್ತಾರೆ. ಹೊಲದವನು ಬಂದವರಿಗೆ ಊಟ ಹಾಕುತ್ತಾನೆ. ನಾಳೆ ಅವರ ಹೊಲಕ್ಕೆ ತಾನು ಹೋಗುತ್ತಾನೆ. ನಮ್ಮ ಹಳ್ಳಿಗಳ 'ಮುಯ್ಯಾಳು' ಪದ್ಧತಿಯೂ ಇದೇ ಅಲ್ಲವೆ? ಭಾಷೆ ಬೇರೆ, ಕಡಲು ಬೇರೆ. ಆದರೆ ಹಣವಿಲ್ಲದವರು ಒಬ್ಬರಿಗೊಬ್ಬರು ಆಸರೆಯಾಗುವ ದಾರಿ ಎಲ್ಲ ಕಡೆಯೂ ಒಂದೇ.

ಕಣದ ಬದಿಯಲ್ಲಿ ನಿಂತು ಅತಿಥಿಯು, "ಅಜ್ಜಾ, ಇಷ್ಟು ಕಾಯಿಗೆ ಎಷ್ಟು ಹಣ ಬರುತ್ತದೆ?" ಎಂದು ಕೇಳಿದನೆನ್ನಿ. "ಅದನ್ನ ನಾವು ಹ್ಯಾಂಗ ಹೇಳೂಣ್ರಿ? ಪ್ಯಾಟಿಗೆ ಹೋದಮ್ಯಾಗ ಪ್ಯಾಟಿ ಹೇಳತೈತಿ" ಎಂಬ ಉತ್ತರ ಬರುತ್ತದೆ. ಈ ಒಂದು ಮಾತಿನಲ್ಲಿ ಬೇಸಾಯಗಾರನ ಬದುಕಿನ ಮುಖ್ಯವಾದ ಕಷ್ಟ ಅಡಗಿದೆ. ಬಟ್ಟೆಯ ಅಂಗಡಿಯವನು ತನ್ನ ಸರಕಿನ ಬೆಲೆಯನ್ನು ತಾನೇ ಹೇಳುತ್ತಾನೆ. ಗೊಬ್ಬರದ ಚೀಲಕ್ಕೆ ಬೆಲೆ ಮುದ್ರಿತವಾಗಿರುತ್ತದೆ. ತಾನು ಬೆಳೆದುದರ ಬೆಲೆಯನ್ನು ತಾನು ಹೇಳಲಾರದವನು ರೈತನೊಬ್ಬನೇ.

ಬ್ಯಾಡಗಿಯ ಮಾರುಕಟ್ಟೆಯು ಮೆಣಸಿನಕಾಯಿಗೆ ದೇಶದಲ್ಲಿಯೇ ಹೆಸರಾದುದು. ರೈತರು ಅಡತಿ ಅಂಗಡಿಗಳ ಮುಂದೆ ತಮ್ಮ ಚೀಲಗಳನ್ನು ಇಳಿಸುತ್ತಾರೆ. ಖರೀದಿದಾರರು ಕಾಯಿಯನ್ನು ಕೈಯಲ್ಲಿ ಹಿಡಿದು, ಬಣ್ಣ ನೋಡಿ, ಮುರಿದು ನೋಡಿ, ಟೆಂಡರು ಹಾಕುತ್ತಾರೆ. ಹಮಾಲರು ತೂಕಕ್ಕೆ ಹೊರುತ್ತಾರೆ. ಸುತ್ತಲಿನ ಊರುಗಳ ಹೆಣ್ಣುಮಕ್ಕಳು ತೊಟ್ಟು ಬಿಡಿಸುವ ಕೂಲಿಗೆ ಬರುತ್ತಾರೆ. ಇಂದು ಬಳ್ಳಾರಿ, ರಾಯಚೂರು ಸೀಮೆಗಳಿಂದಲೂ ಆಂಧ್ರದ ಕಡೆಯಿಂದಲೂ ಇಲ್ಲಿಗೆ ಅಪಾರವಾಗಿ ಕಾಯಿ ಬರುತ್ತದೆ. ಎಲೆ ಮುಟುರು ರೋಗದ ಕಾಟಕ್ಕೂ ಮಳೆಯ ಅನಿಶ್ಚಯಕ್ಕೂ ಬೇಸತ್ತು ಬ್ಯಾಡಗಿಯ ಸುತ್ತಲಿನ ಅನೇಕ ರೈತರು ಗೋವಿನಜೋಳಕ್ಕೂ ಹತ್ತಿಗೂ ತಿರುಗಿದ್ದಾರೆ. ಹೆಸರು ಬ್ಯಾಡಗಿಯದು, ಬೆಳೆ ಬಹುಮಟ್ಟಿಗೆ ಹೊರಗಿನದು ಎಂಬಂತಾಗಿದೆ. 2024ರ ಮಾರ್ಚ್ 11ರಂದು ಬೆಲೆ ಒಮ್ಮೆಲೇ ಕುಸಿದಾಗ ಸಿಟ್ಟಿಗೆದ್ದ ಗುಂಪು ಮಾರುಕಟ್ಟೆಯ ಕಚೇರಿಗೆ ನುಗ್ಗಿತು. ವಾಹನಗಳಿಗೆ ಬೆಂಕಿ ಬಿದ್ದಿತು. ಬೆಂಕಿಯಿಡುವುದನ್ನು ಯಾರೂ ಮೆಚ್ಚುವುದಿಲ್ಲ. ಆದರೆ ಆರು ತಿಂಗಳ ದುಡಿಮೆಯ ಫಲ ಒಂದು ಮಧ್ಯಾಹ್ನದಲ್ಲಿ ಕರಗಿಹೋಗುವುದನ್ನು ಕಂಡವರ ಸಂಕಟವನ್ನು ಅರಿಯದೆ ಆ ದಿನದ ಬಗ್ಗೆ ತೀರ್ಪು ಕೊಡುವುದೂ ಸಲ್ಲದು. ಅದಕ್ಕೂ ಮೊದಲು, 2008ರ ಜೂನ್ ತಿಂಗಳಿನಲ್ಲಿ, ಬಿತ್ತನೆಯ ಹದದಲ್ಲಿ ಗೊಬ್ಬರ ಸಿಗದೆ ಹಾವೇರಿಯಲ್ಲಿ ನೆರೆದ ರೈತರ ಮೇಲೆ ಗೋಲಿಬಾರ್ ನಡೆದು ಜೀವಹಾನಿಯಾಯಿತು. ಬಿತ್ತುವಾಗ ಒಂದು ಆತಂಕ, ಮಾರುವಾಗ ಇನ್ನೊಂದು ಆತಂಕ. ಇವೆರಡರ ನಡುವೆ ಆ ಕೆಂಪು ಕಣದ ಚೆಲುವು ಇದೆ.

ಬ್ಯಾಡಗಿಯ ನೆರೆಯ ರಾಣೆಬೆನ್ನೂರು ಸೀಮೆಯ ದುಡಿಮೆ ಇನ್ನೊಂದು ಬಗೆಯದು. ಅಲ್ಲಿನ ಹಳ್ಳಿಗಳು ಮಿಶ್ರತಳಿ ಬೀಜೋತ್ಪಾದನೆಗೆ ಪ್ರಸಿದ್ಧವಾಗಿವೆ. ಹತ್ತಿಯ ಬೀಜವನ್ನೇ ತೆಗೆದುಕೊಳ್ಳಿ. ನಾಳೆ ಅರಳಲಿರುವ ಮೊಗ್ಗನ್ನು ಇಂದು ಇಳಿಹೊತ್ತಿನಲ್ಲಿ ಗುರುತಿಸಿ, ಅದರ ಕೇಸರಗಳನ್ನು ನವುರಾಗಿ ತೆಗೆದುಹಾಕಬೇಕು. ಮರುದಿನ ಬೆಳಿಗ್ಗೆ ಬೇರೆ ತಳಿಯ ಹೂವಿನ ಪರಾಗವನ್ನು ಅದಕ್ಕೆ ಮುಟ್ಟಿಸಿ ದಾರದ ಗುರುತು ಕಟ್ಟಬೇಕು. ಒಂದೊಂದು ಹೂವಿಗೂ ಹೀಗೆಯೇ. ದೇಶದ ಬೇರೆ ಬೇರೆ ಭಾಗಗಳ ರೈತರು ಬಿತ್ತುವ ಬೀಜದಲ್ಲಿ ಇಲ್ಲಿನ ಹೆಣ್ಣುಮಕ್ಕಳ ಬೆರಳ ಗುರುತಿದೆ. ಇದೇ ತಾಲ್ಲೂಕಿನಲ್ಲಿ ಕೃಷ್ಣಮೃಗಗಳಿಗಾಗಿ 1974ರಲ್ಲಿ 119 ಚದರ ಕಿಲೋಮೀಟರಿನ ಅಭಯಾರಣ್ಯವೊಂದು ಏರ್ಪಟ್ಟಿತು. ಜನ ಅವನ್ನು 'ಚಿಗರಿ' ಎನ್ನುತ್ತಾರೆ. ನೋಡಲು ಬಂದವನಿಗೆ ಚಿಗರಿಯ ಹಿಂಡು ನೆಗೆಯುವುದು ಕಣ್ಣಿಗೆ ಹಬ್ಬ. ಮೊಳಕೆಯೊಡೆದ ಪೈರನ್ನು ಅದೇ ಹಿಂಡು ಮೇಯ್ದುಹೋದರೆ ರೈತನಿಗೆ ಅದೇ ನಷ್ಟ. ರಾತ್ರಿಯೆಲ್ಲ ಹೊಲ ಕಾಯುವವನಿಗೂ ಚಿಗರಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ಆದರೆ ಆ ಪ್ರೀತಿಯ ವೆಚ್ಚವನ್ನು ಅವನೊಬ್ಬನೇ ಹೊರಬೇಕಾಗಿದೆ.

ಹಳ್ಳಿಯನ್ನು ನೋಡಬಂದವರು ಸಾಮಾನ್ಯವಾಗಿ ಎರಡು ಬಗೆಯಲ್ಲಿ ಎಡವುತ್ತಾರೆ. ಕೆಲವರು, "ಆಹಾ, ಎಂತಹ ನೆಮ್ಮದಿಯ ಬಾಳು! ಶುದ್ಧವಾದ ಗಾಳಿ, ಶುದ್ಧವಾದ ಮನಸ್ಸು" ಎಂದು ಹೊಗಳಿ ಹೋಗುತ್ತಾರೆ. ಇನ್ನು ಕೆಲವರು, "ಅಯ್ಯೋ ಪಾಪ, ಎಂತಹ ಬಡತನ!" ಎಂದು ಮರುಗಿ ಹೋಗುತ್ತಾರೆ. ಇಬ್ಬರೂ ನೋಡಿದ್ದು ಅರ್ಧವೇ. ಹೊಗಳುವವನಿಗೆ ಸಾಲದ ಲೆಕ್ಕ ಕಾಣದು. ಮರುಗುವವನಿಗೆ ಆ ಜನರ ಬುದ್ಧಿ, ಕೌಶಲ, ಸ್ವಾಭಿಮಾನಗಳು ಕಾಣವು. ಹಳ್ಳಿಯವರಿಗೆ ಬೇಕಾದದ್ದು ಹೊಗಳಿಕೆಯೂ ಅಲ್ಲ, ಕನಿಕರವೂ ಅಲ್ಲ. ತಮ್ಮ ಬೆವರಿಗೆ ತಕ್ಕ ಬೆಲೆ, ತಮ್ಮ ಮಾತಿಗೆ ತಕ್ಕ ಮನ್ನಣೆ. ಬಡವರ ಧಾನ್ಯಕ್ಕೆ ಸಲ್ಲಬೇಕಾದ ಗೌರವವನ್ನು ಎತ್ತಿ ಹೇಳಿದ ಕವಿಯೂ ಈ ಜಿಲ್ಲೆಯ ಬಾಡದವನೇ. ಬ್ಯಾಡಗಿ ತಾಲ್ಲೂಕಿನ ಕಾಗಿನೆಲೆಯ ಆದಿಕೇಶವನ ಅಂಕಿತದಲ್ಲಿ ಹಾಡಿದ ಕನಕದಾಸರು ತಮ್ಮ 'ರಾಮಧಾನ್ಯ ಚರಿತೆ'ಯಲ್ಲಿ ಅಕ್ಕಿಗೂ ರಾಗಿಗೂ ವಾದ ಹೂಡಿಸಿ, ರಾಮನ ಬಾಯಿಂದಲೇ ರಾಗಿಗೆ ಗೆಲವನ್ನು ಕೊಡಿಸಿದರು.

ಇಂದಿನ ಹಳ್ಳಿ ನೂರು ವರ್ಷದ ಹಿಂದಿನ ಹಳ್ಳಿಯಾಗಿ ಉಳಿದಿಲ್ಲ. ನೆಲದೊಳಗೆ ಜೋಳ ತುಂಬಿಡುತ್ತಿದ್ದ ಹಗೇವುಗಳು ಬಹುತೇಕ ಮುಚ್ಚಿಹೋಗಿವೆ. ಚಕ್ಕಡಿಗಳು ನಿಲ್ಲುತ್ತಿದ್ದ ಜಾಗದಲ್ಲಿ ಟ್ರ್ಯಾಕ್ಟರುಗಳು ನಿಂತಿವೆ. ಓದಿದ ತರುಣರು ಕೆಲಸವನ್ನರಸಿ ನಗರಗಳಿಗೆ ಹೊರಟಿದ್ದಾರೆ. ಆದರೂ ಸೀಗಿ ಹುಣ್ಣಿಮೆಯಂದು ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಭೂಮಿತಾಯಿಗೆ ಚರಗ ಚೆಲ್ಲಿ, ಆಮೇಲೆ ತಾವು ಉಣ್ಣುವ ರೂಢಿ ನಿಂತಿಲ್ಲ. ಅಂದು ದಾರಿಯಲ್ಲಿ ಹೋಗುವ ಅಪರಿಚಿತನನ್ನೂ ಕರೆದು ಕೂರಿಸುತ್ತಾರೆ. ಬೆಳೆ ಬಂದೀತೋ ಬಾರದೋ, ಬೆಲೆ ಸಿಕ್ಕೀತೋ ಸಿಗದೋ, ಇದಾವುದೂ ತಿಳಿಯದಿರುವಾಗಲೇ ಅವರು ಹಂಚಿ ಉಣ್ಣುತ್ತಾರೆ.

ಇಂತಹವರ ಮನೆಯಲ್ಲಿ ಉಂಡುಬಂದ ಅತಿಥಿಯು ಊರಿಗೆ ಮರಳಿ ಸಂತೆಯಲ್ಲಿ ನಿಂತಾಗ, ಎರಡು ರೂಪಾಯಿಗಾಗಿ ರೈತನೊಡನೆ ಚೌಕಾಶಿಗೆ ಇಳಿಯುವ ಮೊದಲು ಒಂದು ಗಳಿಗೆ ಯೋಚಿಸಬೇಕು. ತಟ್ಟೆಯಲ್ಲಿ ಅನ್ನವನ್ನು ಚೆಲ್ಲುವ ಮೊದಲು ಯೋಚಿಸಬೇಕು. ಬೇಸಾಯದ ವಿಷಯ ಚರ್ಚೆಗೆ ಬಂದಾಗ ತನಗೆ ತಿಳಿದುದನ್ನು ನಿರ್ಭಯವಾಗಿ ನುಡಿಯಬೇಕು. ಹಳ್ಳಿಯು ಅತಿಥಿಯಿಂದ ಬಯಸುವ ಕಾಣಿಕೆ ಇಷ್ಟೇ. ಇಷ್ಟನ್ನು ಸಲ್ಲಿಸಿದವನ ಪ್ರವಾಸ ಸಾರ್ಥಕ.

ಅಭ್ಯಾಸ

1. ಉಳ್ಳಾಗಡ್ಡಿ, ಮೆಣಸಿನಕಾಯಿ, ಹತ್ತಿಗಳನ್ನು ಒಂದೇ ಹೊಲದಲ್ಲಿ ಬೆಳೆಯುವುದರ ಹಿಂದಿನ ಲೆಕ್ಕಾಚಾರವೇನು?
2. "ಪ್ಯಾಟಿಗೆ ಹೋದಮ್ಯಾಗ ಪ್ಯಾಟಿ ಹೇಳತೈತಿ" ಎಂಬ ಮಾತಿನ ಸ್ವಾರಸ್ಯವನ್ನು ವಿವರಿಸಿರಿ.
3. 'ಮುಯ್ಯಾಳು' ಮತ್ತು 'ಕೊಂಬಿಟ್' ಪದ್ಧತಿಗಳಲ್ಲಿರುವ ಸಾಮ್ಯವನ್ನು ತಿಳಿಸಿರಿ.
4. ಹಳ್ಳಿಯನ್ನು ನೋಡಬಂದವರು ಯಾವ ಎರಡು ಬಗೆಯಲ್ಲಿ ಎಡವುತ್ತಾರೆ?
5. ನಿಮ್ಮ ಸಮೀಪದ ಹಳ್ಳಿಯೊಂದಕ್ಕೆ ಹೋಗಿ, ಅಲ್ಲಿನ ಒಂದು ಬೆಳೆಯು ಬಿತ್ತನೆಯಿಂದ ಮಾರಾಟದವರೆಗೆ ಸಾಗುವ ಬಗೆಯನ್ನು ರೈತರಿಂದ ಕೇಳಿ ತಿಳಿದು ಬರೆಯಿರಿ.