ಭಯದ ಕಥೆಯನ್ನು ಓದುವ ಕ್ರಮ

ಭಯಾನಕವಾದ ಕಾದಂಬರಿಯನ್ನು ಓದುವಾಗ ಭೂತವು ಎಲ್ಲಿದೆಯೆಂದು ಹುಡುಕುವದಕ್ಕಿಂತ, ಭಯವು ಎಲ್ಲಿಂದ ಹುಟ್ಟುತ್ತದೆಂದು ವಿಚಾರಿಸುವದು ಉತ್ತಮವು. ಅಮೇರಿಕದ ಲೇಖಕಿ ಲೋಯಿಸ್ ಡಂಕನ್ ಅವರು ತರುಣ ವಾಚಕರಿಗಾಗಿ ಬರೆದು 1974ರಲ್ಲಿ ಪ್ರಕಟಿಸಿದ ‘ಡೌನ್ ಎ ಡಾರ್ಕ್ ಹಾಲ್’ ಎಂಬ ಕಾದಂಬರಿಯು ಇದಕ್ಕೆ ಒಳ್ಳೇ ನಿದರ್ಶನವು.

ಕಿಟ್ ಎಂಬ ಬಾಲಿಕೆಯು ಬ್ಲ್ಯಾಕ್‌ವುಡ್ ಎಂಬ ವಸತಿಶಾಲೆಗೆ ಸೇರುತ್ತಾಳೆ. ಅಷ್ಟು ದೊಡ್ಡ ಮನೆಯಲ್ಲಿ ವಿದ್ಯಾರ್ಥಿನಿಯರು ನಾಲ್ವರೇ. ಸ್ವಲ್ಪ ಕಾಲದಲ್ಲಿಯೇ ಒಬ್ಬಳು ಅದ್ಭುತವಾದ ಚಿತ್ರಗಳನ್ನು ಬರೆಯುತ್ತಾಳೆ. ಮತ್ತೊಬ್ಬಳು ಕವಿತೆಗಳನ್ನು ರಚಿಸುತ್ತಾಳೆ. ಕಿಟ್ ನಿದ್ರೆಯಲ್ಲಿಯೇ ಪಿಯಾನೋ ನುಡಿಸುತ್ತಾಳೆ. ಮೃತರಾದ ಪ್ರತಿಭಾವಂತರ ಆತ್ಮಗಳು ಈ ಬಾಲಿಕೆಯರ ಕೈಗಳಿಂದ ತಮ್ಮ ಕೆಲಸವನ್ನು ಮುಂದುವರಿಸುತ್ತಿರುವವೆಂದೂ, ಇದನ್ನು ಏರ್ಪಡಿಸಿದವಳು ಶಾಲೆಯ ಮುಖ್ಯಸ್ಥೆಯೇ ಎಂದೂ ಬಳಿಕ ತಿಳಿದುಬರುತ್ತದೆ.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಮೊದಲನೆಯದಾಗಿ, ಲೇಖಕಿಯು ಆತ್ಮಗಳನ್ನು ಒಮ್ಮೆಲೇ ಮುಂದೆ ತಂದು ನಿಲ್ಲಿಸುವದಿಲ್ಲ. ಗೆಳತಿಗೆ ಬರೆದ ಕಾಗದಗಳಿಗೆ ಉತ್ತರವು ಬಾರದಿರುವದು, ರಾತ್ರಿಯೆಲ್ಲಾ ಮಲಗಿದರೂ ಬಳಲಿಕೆಯು ತೀರದಿರುವದು, ಇಂಥ ಸಣ್ಣ ಕುರುಹುಗಳಿಂದಲೇ ಶಂಕೆಯನ್ನು ಬೆಳೆಸುತ್ತಾರೆ. ಎರಡನೆಯದಾಗಿ, ಇಲ್ಲಿಯ ಭಯಕ್ಕೆ ಮೂಲವು ಸತ್ತವರಲ್ಲ, ಸ್ವಾತಂತ್ರ್ಯದ ನಷ್ಟವೇ. ಬಾಲಿಕೆಯರಿಗೆ ಹೊಗಳಿಕೆಯು ದೊರೆಯುತ್ತದೆ. ಆದರೆ ಹೊಗಳಲ್ಪಟ್ಟ ಕೃತಿಯು ಅವರದಲ್ಲ. ಅವರ ದೇಹಬಲವೂ ಮನೋಬಲವೂ ಕುಂದುತ್ತಾ ಹೋಗುತ್ತವೆ. ಅದಕ್ಕಿಂತಲೂ ಭಯಂಕರವಾದದ್ದು, ಸತ್ಯವನ್ನು ತಿಳಿದ ಮೇಲೆಯೂ ಈ ವರವನ್ನು ಬಿಡಲೊಲ್ಲದವರು ಅವರಲ್ಲಿ ಇರುವದು.

ಆದುದರಿಂದ ಪುಸ್ತಕವನ್ನು ಮುಚ್ಚಿದ ಮೇಲೆ ವಾಚಕಿಯು ದೀಪವನ್ನು ಆರಿಸಲು ಹೆದರುವದಕ್ಕೆ ಬದಲಾಗಿ ತನ್ನನ್ನೇ ಹೀಗೆ ಕೇಳಿಕೊಳ್ಳಲಿ: ಶ್ರಮಪಡದೆ ದೊರಕುವ ಕೀರ್ತಿಗಾಗಿ ನನ್ನ ಕೈಯನ್ನು ನಾನು ಪರರಿಗೆ ಒಪ್ಪಿಸುವೆನೋ?