ಕ್ಯಾಚರ್ ಕೋಚ್ ಆಗುವ ಬಗೆ

ಪ್ರಶ್ನೆ: ಅಮೆರಿಕದ ಬೇಸ್‌ಬಾಲ್‌ನಲ್ಲಿ ಕ್ಯಾಚರ್ ಆಗಿದ್ದವರೇ ಮುಂದೆ ಕೋಚ್ ಆಗುವುದು ಹೆಚ್ಚು ಎಂದು ಓದಿದೆ. ನಿಜವೇ? ನನ್ನ ತಮ್ಮ ಕಬಡ್ಡಿಯಲ್ಲಿ ಕ್ಯಾಚರ್. ನಮ್ಮ ಆಟಕ್ಕೂ ಈ ಮಾತು ಸಲ್ಲುತ್ತದೆಯೇ?
– ಓದುಗರೊಬ್ಬರು, ಕಡಬ

ಉತ್ತರ: ಬಹುಮಟ್ಟಿಗೆ ನಿಜ. ಬ್ರೂಸ್ ಬೋಚಿ ಎಂಬ ಕ್ಯಾಚರ್ 1978ರಿಂದ 1987ರ ನಡುವೆ ಮೂರು ತಂಡಗಳಲ್ಲಿದ್ದರೂ ಆಡಿದ್ದು 358 ಪಂದ್ಯ ಮಾತ್ರ. ಅಲ್ಲಿ ಒಂದೇ ಸೀಸನ್ನಿಗೆ 162 ಪಂದ್ಯಗಳಿರುತ್ತವೆ. ಅಂದರೆ ಮನುಷ್ಯ ಹೆಚ್ಚಿನ ದಿನ ಬೆಂಚು ಕಾದಿದ್ದಾರೆ. ಆದರೆ ತಂಡ ನಡೆಸಲು ಇಳಿದ ಮೇಲೆ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್‌ಗೆ 2010, 2012, 2014ರಲ್ಲಿ, ಟೆಕ್ಸಸ್ ರೇಂಜರ್ಸ್‌ಗೆ 2023ರಲ್ಲಿ ವರ್ಲ್ಡ್ ಸೀರೀಸ್ ಎಂಬ ಪಟ್ಟ ಗೆಲ್ಲಿಸಿಕೊಟ್ಟರು. 1996ರಿಂದ 2000ದೊಳಗೆ ನ್ಯೂಯಾರ್ಕ್ ಯಾಂಕೀಸ್‌ಗೆ ನಾಲ್ಕು ಸಲ ಪಟ್ಟ ತಂದ ಜೋ ಟೋರಿ ಕೂಡ ಕ್ಯಾಚರ್ ಆಗಿದ್ದವರು. ಅದಕ್ಕೂ ಹಿಂದೆ ಕಾನಿ ಮ್ಯಾಕ್ ಎಂಬ ಇನ್ನೊಬ್ಬ ಕ್ಯಾಚರ್ 1901ರಿಂದ 1950ರವರೆಗೆ ಒಂದೇ ತಂಡವನ್ನು ನಡೆಸಿದರು. ಅಲ್ಲಿ ಇಂಥವರನ್ನು ಮ್ಯಾನೇಜರ್ ಎನ್ನುತ್ತಾರೆ, ಕೆಲಸ ನಮ್ಮ ಮುಖ್ಯ ಕೋಚಿನದೇ.

ಕಾರಣ ತಿಳಿಯಲು ಕ್ಯಾಚರ್ ಕೂರುವ ಜಾಗ ನೋಡಬೇಕು. ಬ್ಯಾಟರ್‌ನ ಬೆನ್ನ ಹಿಂದೆ, ಮುಖವಾಡ, ಎದೆಗವಚ, ಕಾಲಿನ ಪ್ಯಾಡು ಎಲ್ಲ ಕಟ್ಟಿಕೊಂಡು ಕುಕ್ಕರಗಾಲಿನಲ್ಲಿ. ತಂಡದ ಉಳಿದ ಎಂಟು ಮಂದಿ ಅವನ ಕಡೆ ಮುಖ ಮಾಡಿ ನಿಂತಿದ್ದರೆ, ಇಡೀ ಮೈದಾನ ಕಣ್ಣೆದುರು ಹರಡಿಕೊಂಡಿರುವುದು ಇವನೊಬ್ಬನಿಗೇ. ಮುಂದಿನ ಚೆಂಡು ಯಾವ ಬಗೆಯದಿರಲಿ ಎಂದು ತೊಡೆಗಳ ನಡುವೆ ಬೆರಳು ತೋರಿಸಿ ಚೆಂಡೆಸೆಯುವ ಪಿಚರ್‌ಗೆ ಹೇಳುವುದೂ ಇವನೇ. 2022ರಿಂದ ಅದಕ್ಕೆ ಗುಂಡಿ ಒತ್ತುವ ಯಂತ್ರವೂ ಬಂದಿದೆ. ಎದುರಾಳಿಯ ದೌರ್ಬಲ್ಯ ಇವನಿಗೆ ಬಾಯಿಪಾಠವಾಗಿರಬೇಕು, ತನ್ನ ಪಿಚರ್ ಕಂಗೆಟ್ಟಾಗ ಹತ್ತಿರ ಹೋಗಿ ಎರಡು ಮಾತಾಡಿ ಬರಬೇಕು. ಆಡುತ್ತಲೇ ಅರ್ಧ ಕೋಚ್ ಆಗಿರುತ್ತಾನೆ. ದಿನಕ್ಕೆ ನೂರಕ್ಕೂ ಹೆಚ್ಚು ಸಲ ಕೂತೆದ್ದು ಮಂಡಿ ಸವೆಯುವುದೂ ಉಂಟು, ಹಾಗಾಗಿ ಮುಂದೇನು ಎಂಬ ಯೋಚನೆ ಅವನಿಗೆ ಬೇಗ ಹತ್ತುತ್ತದೆ.

ಕ್ರಿಕೆಟ್ಟಿನಲ್ಲಿ ಈ ಜಾಗ ವಿಕೆಟ್‌ಕೀಪರನದು. 2025ರಲ್ಲಿ ಆರ್‌ಸಿಬಿ ಕೊನೆಗೂ ಕಪ್ ಗೆದ್ದಾಗ ಕೋಚ್ ಆ್ಯಂಡಿ ಫ್ಲವರ್, ಮೆಂಟರ್ ದಿನೇಶ್ ಕಾರ್ತಿಕ್. ಇಬ್ಬರೂ ಕೀಪರ್‌ಗಳು! ನಮ್ಮ ಜಿಲ್ಲೆಯವರೇ ಬೇಕೆಂದರೆ ಮೂಲ್ಕಿಯಲ್ಲಿ 1939ರಲ್ಲಿ ಹುಟ್ಟಿದ ಬುಧಿ ಕುಂದರನ್ ಇದ್ದರು. ಭಾರತಕ್ಕೆ 18 ಟೆಸ್ಟ್ ಆಡಿ, 1964ರಲ್ಲಿ ಮದ್ರಾಸಿನಲ್ಲಿ ಇಂಗ್ಲೆಂಡ್ ವಿರುದ್ಧ 192 ಹೊಡೆದ ಕೀಪರ್. ಆಮೇಲೆ ಸ್ಕಾಟ್ಲೆಂಡಿಗೆ ಹೋಗಿ ಡ್ರಂಪೆಲಿಯರ್ ಕ್ಲಬ್ಬಿನ ವೃತ್ತಿಪರ ಆಟಗಾರರಾದರು. ಅಲ್ಲಿನ ಕ್ಲಬ್ಬುಗಳಲ್ಲಿ 'ಪ್ರೊ' ಎಂದರೆ ಆಡುವುದರ ಜೊತೆಗೆ ಹುಡುಗರಿಗೆ ಹೇಳಿಕೊಡುವುದೂ ಸೇರಿದ ಉದ್ಯೋಗ.

ಈಗ ನಿಮ್ಮ ತಮ್ಮನ ಆಟಕ್ಕೆ ಬರೋಣ. ಮಳೆ ಬಿಟ್ಟ ಮೇಲೆ ಪುತ್ತೂರು, ಸುಳ್ಯ, ಕಡಬದ ಕಡೆ ನಡೆಯುವ ಹೊನಲು ಬೆಳಕಿನ ಪಂದ್ಯಾಟಗಳಲ್ಲಿ ಬೆಸ್ಟ್ ರೈಡರ್, ಬೆಸ್ಟ್ ಕ್ಯಾಚರ್ ಎಂದು ಬೇರೆ ಬೇರೆ ಟ್ರೋಫಿ ಇಟ್ಟಿರುತ್ತಾರೆ, ಸರಿ. ಆದರೆ ಶಿಳ್ಳೆ ಬೀಳುವುದು ರೈಡರ್‌ಗೆ. ಅವನು ಒಬ್ಬನೇ ಹೋಗುತ್ತಾನೆ, ಮೂವತ್ತು ಸೆಕೆಂಡಿನಲ್ಲಿ ತನ್ನ ಬುದ್ಧಿಗೆ ತೋಚಿದ್ದನ್ನು ಮಾಡಿ ಬರುತ್ತಾನೆ. ಕಾರ್ನರಿನ ಕ್ಯಾಚರ್‌ಗೆ ಆ ಸ್ವಾತಂತ್ರ್ಯವಿಲ್ಲ. ಪಕ್ಕದವನ ಕೈ ಹಿಡಿದೇ ಹಿಂದೆ ಮುಂದೆ ಸರಿಯಬೇಕು. ರೈಡರ್ ಬೋನಸ್ ಗೆರೆಗೆ ಕಾಲು ಚಾಚಿದ ಕ್ಷಣ ಇವನು ಪಾದದ ಗಂಟಿಗೆ ಬಿದ್ದರೆ, ಕವರಿನವನು ಅದೇ ಉಸಿರಿನಲ್ಲಿ ಮೇಲೆ ಬೀಳಬೇಕು. ಅರೆಕ್ಷಣ ಮೊದಲೇ ನುಗ್ಗಿದರೆ ಇವನೂ ಔಟ್, ನೆರವಿಗೆ ಬಂದವರೂ ಔಟ್. ಇನ್ನೊಬ್ಬನ ಮುಂದಿನ ಹೆಜ್ಜೆ ಊಹಿಸುವುದು, ಜೊತೆಯವರನ್ನು ತಡೆದು ನಿಲ್ಲಿಸುವುದು ಇವನ ನಿತ್ಯದ ಕೆಲಸ.

ಇದಕ್ಕೆ ಒಳ್ಳೆಯ ಸಾಕ್ಷಿ ಜೋಗಿಂದರ್ ನರ್ವಾಲ್. 2022ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ನಡೆದ ಪ್ರೊ ಕಬಡ್ಡಿ ಫೈನಲ್ ನಿಮಗೆ ನೆನಪಿರಬಹುದು. ಪುತ್ತೂರಿನ ಕೈಕಾರದ ಪ್ರಶಾಂತ್ ರೈ ನಾಯಕತ್ವದ ಪಟ್ನಾ ಪೈರೇಟ್ಸ್ ಒಂದೇ ಒಂದು ಅಂಕದಿಂದ, 36–37ರಲ್ಲಿ ಸೋತಿತು. ನಮ್ಮವರು ರೈಡರ್. ಎದುರು ದಬಾಂಗ್ ಡೆಲ್ಲಿಯ ನಾಯಕನಾಗಿದ್ದವರು ಈ ನರ್ವಾಲ್, ಕಾರ್ನರ್ ಕ್ಯಾಚರ್. 2025ರಲ್ಲಿ ಅದೇ ಡೆಲ್ಲಿ ಮತ್ತೆ ಗೆದ್ದಾಗ ಕೋಚ್ ಸ್ಥಾನದಲ್ಲಿದ್ದವರೂ ಅವರೇ. ಸೋತ ಪುಣೇರಿ ಪಲ್ಟನ್‌ನ ಕೋಚ್, ಒಂದು ಕಾಲದ ನಂಬರ್ ಒನ್ ರೈಡರ್ ಅಜಯ್ ಠಾಕೂರ್.

ಹಾಗೆಂದು ರೈಡರ್‌ಗಳು ಕೋಚ್ ಆಗಲು ನಾಲಾಯಕ್ಕೆಂದಲ್ಲ, ಠಾಕೂರ್ ತಂಡವನ್ನು ಫೈನಲಿಗೆ ತಂದದ್ದು ಸಣ್ಣ ಸಾಧನೆಯೇನೂ ಅಲ್ಲ. ಬೇಸ್‌ಬಾಲ್‌ನಷ್ಟು ಗಟ್ಟಿ ಸಂಪ್ರದಾಯ ಕಬಡ್ಡಿಯಲ್ಲಿಲ್ಲ. ಒಳ್ಳೆಯ ಆಟಗಾರನಾದ ಮಾತ್ರಕ್ಕೆ ಒಳ್ಳೆಯ ಕೋಚ್ ಆಗುತ್ತಾನೆಂದೂ ಇಲ್ಲ. ನಮ್ಮ ರಾಜ್ಯದ ಬಿ.ಸಿ. ರಮೇಶ್ 2001ರ ಅರ್ಜುನ ಪ್ರಶಸ್ತಿ ಪಡೆದ ಆಟಗಾರ. ಕೋಚ್ ಆಗಿ 2019ರಲ್ಲಿ ಬೆಂಗಾಲ್ ವಾರಿಯರ್ಸ್, 2024ರಲ್ಲಿ ಪುಣೇರಿ, ಹೀಗೆ ಎರಡು ಬೇರೆ ತಂಡಗಳಿಗೆ ಕಪ್ ಕೊಡಿಸಿದರು. ಇಂಥವರು ಅಪರೂಪ.

ತಮ್ಮನಿಗೆ ಈ ದಾರಿಯಲ್ಲಿ ಮನಸ್ಸಿದ್ದರೆ ಮಂಡಿಯ ಲಿಗಮೆಂಟ್ ಹರಿಯುವವರೆಗೆ ಕಾಯುವುದು ಬೇಡ. ಡಿಗ್ರಿ ಮುಗಿಸಿ ಎರಡು ವರ್ಷದ ಬಿ.ಪಿ.ಎಡ್. ಮಾಡಿದರೆ ಶಾಲೆಯ ಪಿ.ಟಿ. ಮಾಸ್ಟರಿಕೆಗೆ ದಾರಿಯಾಗುತ್ತದೆ. ಪೂರ್ಣ ಪ್ರಮಾಣದ ಕೋಚಿಂಗೇ ಬೇಕಾದರೆ ಪಟಿಯಾಲದ ಕ್ರೀಡಾ ಸಂಸ್ಥೆ ಎನ್‌ಐಎಸ್‌ನ ಡಿಪ್ಲೊಮಾ ಇದೆ. ಅದಕ್ಕೆ ಸೇರುವಾಗ ಆಡಿದ ಮಟ್ಟವನ್ನೂ ನೋಡುತ್ತಾರೆ. ಆದ್ದರಿಂದ ಈಗಿನಿಂದಲೇ ಜಿಲ್ಲೆ, ವಿಶ್ವವಿದ್ಯಾಲಯ, ರಾಜ್ಯ ಮಟ್ಟದ ಸರ್ಟಿಫಿಕೇಟುಗಳನ್ನು ಜೋಪಾನವಾಗಿಟ್ಟುಕೊಳ್ಳಲು ಹೇಳಿ.